ಪೆಟ್ರೋಲ್ ಬಂಕಿನಿಂದ ಇಟ್ಟ ಹೆಸರು

ಕೂಸಿನ ಕಿವಿಯಲ್ಲಿ ಒಂದು ಹೆಸರು ಹೇಳುವುದಕ್ಕೆ ಓದು ಬೇಕಿಲ್ಲ, ಬಾಯಿ ಇದ್ದರೆ ಸಾಕು. ನಾನು ತಿಕೋಟಾದ ಸಾಲೆಯಲ್ಲಿ ಐದನೆಯ ಇಯತ್ತೆಯವರೆಗೆ ಕೂತು ಎದ್ದು ಬಂದವಳು. ಆದರೆ ಬಾಯಿಯ ವಿಷಯದಲ್ಲಿ ನನ್ನನ್ನು ಯಾವ ಮಾಸ್ತರರೂ ನಪಾಸು ಮಾಡಿದ್ದಿಲ್ಲ. ಹೀಗಾಗಿ ತಮ್ಮ ಈರಪ್ಪನಿಗೆ ಗಂಡು ಮಗು ಹುಟ್ಟಿದೆ, ಸೋದರತ್ತೆಯಾದ ನಾನೇ ಬಂದು ಹೆಸರಿಡಬೇಕು ಎಂಬ ಸುದ್ದಿ ದುಬೈಗೆ ಬಂದಾಗ ನನಗೆ ಒಂದಿಷ್ಟೂ ಅಂಜಿಕೆ ಆಗಲಿಲ್ಲ. ಇದರಲ್ಲಿ ತಪ್ಪುವುದಕ್ಕೆ ಏನಿದೆ ಎಂದುಕೊಂಡೆ.

ದುಬೈಯಲ್ಲಿ ಕಸ್ತೂರಿ ಏನು ಮಾಡುತ್ತಾಳೆ ಎಂದು ಊರಿನಲ್ಲಿ ಕೇಳಿದರೆ ‘ಫಾರಿನ್‌ದಾಗ ಅದಾಳ’ ಎನ್ನುತ್ತಾರೆ. ಫಾರಿನ್‌ನಲ್ಲಿ ಇರುವುದೇ ಒಂದು ನೌಕರಿ ಎಂಬಂತೆ. ನಿಜವಾಗಿ ನಾನು ಅಲ್ಲಿ ರೊಟ್ಟಿ ಬಡಿಯುತ್ತೇನೆ. ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ಒಣದ್ರಾಕ್ಷಿಯ ದೊಡ್ಡ ಅಂಗಡಿ ಇಟ್ಟಿರುವ ಸಾಹುಕಾರರೊಬ್ಬರು ದುಬೈಯಲ್ಲೊಂದು ಆಫೀಸು ತೆರೆದರು. ಅವರ ಹೆಂಡತಿ ಅಕ್ಕಾವ್ರಿಗೆ ಅಲ್ಲಿಯ ನೀರು ಒಗ್ಗಿತು, ಗಾಳಿ ಒಗ್ಗಿತು, ಮಾಲು ಅಂಗಡಿಗಳಂತೂ ಬಹಳವೇ ಒಗ್ಗಿದವು. ಜೋಳದ ರೊಟ್ಟಿ ಇಲ್ಲದ ಊಟ ಮಾತ್ರ ಒಗ್ಗಲಿಲ್ಲ. ಹಾಗೆಂದು ನನ್ನನ್ನು ಕರೆಸಿದರು. ನನ್ನ ಗಂಡ ಮಲ್ಲಪ್ಪ ಮೊದಲೇ ಅವರ ಕಾರು ನಡೆಸುತ್ತಿದ್ದರು.

ಸಾಹುಕಾರರ ಮನೆ ಇಪ್ಪತ್ತೆಂಟನೆಯ ಅಂತಸ್ತಿನಲ್ಲಿದೆ. ಮೊದಲ ದಿನ ನಾನು ರೊಟ್ಟಿ ಬಡಿದಾಗ ಕೆಳಗಿನ ಮನೆಯವರು, ಮೇಲೆ ಯಾರೋ ಗೋಡೆ ಒಡೆಯುತ್ತಿದ್ದಾರೆಂದು ದೂರು ಕೊಟ್ಟರು. ಕಾವಲುಗಾರ ಬಂದು ಅಡುಗೆಮನೆಯ ಗೋಡೆಗಳನ್ನು ಮುಟ್ಟಿ ನೋಡಿ, ನನ್ನ ಕೈಯನ್ನೂ ನೋಡಿ ಹೋದ. ಅಂದಿನಿಂದ ರೊಟ್ಟಿ ಬಡಿಯುವ ಮರದ ಕೊಣಮಿಗೆಯ ಕೆಳಗೆ ಕಂಬಳಿ ಹಾಸಿ, ಕಳ್ಳಿಯ ಹಾಗೆ ಮೆಲ್ಲಗೆ ಬಡಿಯುತ್ತೇನೆ. ನಾನು ಮಲಗುವುದು ಅಡುಗೆಮನೆಯ ಪಕ್ಕದ ಕೋಣೆಯಲ್ಲಿ, ಇಸ್ತ್ರಿ ಮೇಜಿನ ಜೊತೆ. ನಮ್ಮವರು ಮಲಗುವುದು ಊರಿನ ಇನ್ನೊಂದು ತುದಿಯಲ್ಲಿ, ಒಂದರ ಮೇಲೊಂದು ಮಂಚವಿರುವ ಕೋಣೆಯಲ್ಲಿ, ಐದು ಜನ ಡ್ರೈವರರ ಜೊತೆ. ಹನ್ನೆರಡು ವರ್ಷದ ನಮ್ಮ ಸಂಸಾರ ಈಗ ನಡೆಯುವುದು ಕಾರಿನ ಮುಂದಿನ ಎರಡು ಸೀಟುಗಳಲ್ಲಿ. ಮಾರ್ಕೆಟ್ಟಿಗೆ ಹೋಗುವಾಗ ಜಗಳ ಶುರು ಮಾಡಿದರೆ ಬರುವಾಗ ಮುಗಿಸಬೇಕು. ಸಿಗ್ನಲ್ ಬಿದ್ದರೆ ಒಂದೆರಡು ಮಾತು ಹೆಚ್ಚು ಆಡಬಹುದು.

ಆ ಮನೆಯಲ್ಲಿ ಇನ್ನೊಬ್ಬರಿದ್ದಾರೆ, ಕಿಯಾನ್. ಅವನು ಬೆಕ್ಕು. ಬಿಳಿ ಹತ್ತಿಯ ಗಂಟಿಗೆ ಎರಡು ಕಣ್ಣು ಅಂಟಿಸಿದ ಹಾಗಿದ್ದಾನೆ. ಅವನು ಎದ್ದ ಮೇಲೆಯೇ ಮನೆಯವರು ಗಟ್ಟಿಯಾಗಿ ಮಾತಾಡುತ್ತಾರೆ. ಅವನ ಕೂದಲು ಕತ್ತರಿಸುವುದಕ್ಕೆ ಒಬ್ಬ ಹೆಣ್ಣುಮಗಳು ಮನೆಗೇ ಬರುತ್ತಾಳೆ, ನನ್ನ ಮದುವೆಯ ದಿನ ಕೂಡ ನನ್ನ ತಲೆಗೆ ಅಷ್ಟು ಹೊತ್ತು ಯಾರೂ ಕೈ ಹಚ್ಚಿರಲಿಲ್ಲ. ಅವನು ತಿನ್ನುವುದು ಡಬ್ಬಿಯ ಮೀನು. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ನಾನು ಮೂಗಿಗೆ ಸೆರಗು ಕಟ್ಟಿಕೊಂಡು ಕೈಯಿಂದ ತಿನ್ನಿಸುತ್ತೇನೆ. ಬೇರೆ ಯಾರು ಕೊಟ್ಟರೂ ಮುಖ ತಿರುಗಿಸುತ್ತಾನೆ. ಈ ಮಾತನ್ನು ಅಕ್ಕಾವ್ರು ಬಂದವರ ಮುಂದೆಲ್ಲ ಹೇಳುತ್ತಾರೆ. ಹೇಳಿದಾಗಲೆಲ್ಲ ನನ್ನ ಎದೆ ಒಂದು ಗೇಣು ಅಗಲವಾಗುತ್ತದೆ. ಬೆಕ್ಕು ಕೊಟ್ಟ ಸರ್ಟಿಫಿಕೇಟು ಎಂದು ಆಗ ಹೊಳೆಯಲಿಲ್ಲ.

ಇನ್ನು ಹೆಸರಿನ ಸಂಗತಿ.

ಈರಪ್ಪನಿಗೆ ಮಗನಿಗೆ ನಮ್ಮ ಅಪ್ಪನ ಹೆಸರಿಡುವ ಆಸೆ. ಅಪ್ಪನ ಹೆಸರು ತಿಪ್ಪಣ್ಣ. ಅಪ್ಪನಿಗಿಂತ ಮೊದಲು ಹುಟ್ಟಿದ ಮೂರು ಕೂಸುಗಳು ಉಳಿಯಲಿಲ್ಲವಂತೆ. ಅದಕ್ಕೇ ನಾಲ್ಕನೆಯವನನ್ನು ತಿಪ್ಪೆಯ ಮೇಲೆ ಮಲಗಿಸಿ, ಕಸದಿಂದ ಆರಿಸಿಕೊಂಡ ಹಾಗೆ ಎತ್ತಿಕೊಂಡು, ತಿಪ್ಪಣ್ಣ ಎಂದು ಕರೆದರು. ಕಸಕ್ಕೆ ಸಾವು ಕೈ ಹಾಕುವುದಿಲ್ಲ ಎಂಬ ಲೆಕ್ಕ. ಲೆಕ್ಕ ಸರಿಯಾಗಿತ್ತು. ಅಪ್ಪ ಮುಪ್ಪಿನವರೆಗೆ ಬದುಕಿ, ಬಾವಿ ತೋಡಿಸಿ, ದ್ರಾಕ್ಷಿ ಹಚ್ಚಿ, ಎರಡು ವರ್ಷದ ಹಿಂದೆ ತೀರಿಕೊಂಡ. ಆಗ ನನ್ನ ವೀಸಾದ ಕಾಗದಗಳು ಎಲ್ಲೋ ಸಿಕ್ಕಿಕೊಂಡಿದ್ದವು. ಮಣ್ಣಿಗೆ ಹೋಗಲಾಗಲಿಲ್ಲ. ಇಸ್ತ್ರಿ ಮೇಜಿನ ಮೇಲೆ ಫೋನು ನಿಲ್ಲಿಸಿಕೊಂಡು ನೋಡಿದೆ.

ಈರಪ್ಪನ ಹೆಂಡತಿ ಸವಿತಾ ಬಬಲೇಶ್ವರದ ಹುಡುಗಿ, ಪಿಯುಸಿ ಓದಿದವಳು. ಅವಳಿಗೆ ತಿಪ್ಪಣ್ಣ ಬೇಡ.

“ಅಕ್ಕಾರ, ನಾಳೆ ಸಾಲಿಗೆ ಹೋದ ಕೂಡ್ಲೇ ಹುಡುಗೂರು ತಿಪ್ಪಿ ತಿಪ್ಪಿ ಅಂತಾವ್ರಿ,” ಎಂದು ಫೋನಿನಲ್ಲಿ ಅತ್ತಳು.

“ಅನ್ಲಿ ಬಿಡವಾ. ಆ ತಿಪ್ಪಿ ಗೊಬ್ಬರದಾಗನ ನಿಮ್ಮ ದ್ರಾಕ್ಷಿ ಬೆಳೀತಾವು,” ಎಂದೆ ನಾನು.

ಇಂಥ ಜಾಣ ಮಾತುಗಳನ್ನು ಆಡುತ್ತ, ವಾರಕ್ಕೆ ಎರಡು ಸಲ ಫೋನು ಹಚ್ಚುತ್ತ, ಅಪ್ಪನ ಹೆಸರನ್ನು ನಾನೇ ಗೆಲ್ಲಿಸಿದೆ. ಕೊನೆಗೆ ಸವಿತಾ ಮೂಗು ಒರೆಸಿಕೊಂಡು ಹೂಂ ಅಂದಳು. ಮೂರನೆಯ ತಿಂಗಳಲ್ಲಿ ದಿನ ನೋಡಿದರು. ಬಬಲೇಶ್ವರದಲ್ಲಿ ಸವಿತಾಳ ತವರಿನಲ್ಲೇ ತೊಟ್ಟಿಲು. ನಾನು ಈರಪ್ಪನಿಗೆ ಹೇಳಿದೆ: “ತಮ್ಮಾ, ಮಣ್ಣಿಗಂತೂ ಬರಾಕ ಆಗ್ಲಿಲ್ಲ. ಹೆಸರಿಗೆ ಬಂದ ಬರ್ತೀನಿ.”

“ಬಾ ಯಕ್ಕಾ,” ಅಂದ ಅವನು. ಅವನು ಹೆಚ್ಚು ಮಾತಿನವನಲ್ಲ. ನಮ್ಮ ಮನೆಯ ಮಾತೆಲ್ಲ ನನ್ನ ಪಾಲಿಗೇ ಬಂದಿದೆ.

ಅಕ್ಕಾವ್ರು ರಜೆ ಕೊಟ್ಟರು. ಟಿಕೆಟ್ಟನ್ನೂ ತೆಗೆಸಿದರು. ಅವರು ಕೆಟ್ಟವರಲ್ಲ ಎಂದು ಇಲ್ಲಿ ಬರೆದಿಡಬೇಕು, ಏಕೆಂದರೆ ಮುಂದೆ ಅವರನ್ನು ಕೆಟ್ಟವರನ್ನಾಗಿ ಮಾಡಿದವಳು ನಾನೇ.

ಹೊರಡುವ ನಾಲ್ಕು ದಿನ ಮೊದಲು ಅಬುಧಾಬಿಯಲ್ಲಿ ಒಣಹಣ್ಣಿನ ವ್ಯಾಪಾರಿಗಳ ಮೇಳ ಎಂಬ ಸುದ್ದಿ ಬಂತು. ಸಾಹುಕಾರರು, ಅಕ್ಕಾವ್ರು, ಕಿಯಾನ್, ಎಲ್ಲರೂ ಮೂರು ದಿನ ಸಮುದ್ರದ ದಂಡೆಯ ಹೋಟೆಲ್ಲಿನಲ್ಲಿ ಇರುವುದೆಂದು ಆಯಿತು. ಅಕ್ಕಾವ್ರು ಬೆಕ್ಕನ್ನು ತೊಡೆಯ ಮೇಲೆ ಹಾಕಿಕೊಂಡು ಒಂದು ನಿಟ್ಟುಸಿರು ಬಿಟ್ಟರು.

“ನೀ ಊರಿಗೆ ಹೋಗಿ ಬಾ ಕಸ್ತೂರಿ. ಇಂವಂದ ಚಿಂತಿ. ನೀನಿಲ್ಲಂದ್ರ ಮೂರು ದಿನಾ ಉಪಾಸ ಬೀಳ್ತಾನ. ಇರ್ಲಿ, ಏನ್ ಮಾಡಾಕ ಬರ್ತೈತಿ.”

ಅಷ್ಟೇ ಅಂದದ್ದು. ಬಾ ಎಂದು ಒತ್ತಾಯ ಮಾಡಲಿಲ್ಲ. ಆದರೆ ‘ನೀನಿಲ್ಲಂದ್ರ’ ಎಂಬ ಮಾತು ನನ್ನನ್ನು ನೆಟ್ಟಗೆ ನಿಲ್ಲಿಸಿತು. ನಲವತ್ತರ ಹತ್ತಿರ ಬಂದಿದ್ದೆ, ಅಲ್ಲಿಯವರೆಗೆ ನಾನಿಲ್ಲದಿದ್ದರೆ ಯಾವುದೂ ನಿಲ್ಲುತ್ತದೆಂದು ಯಾರೂ ಅಂದಿರಲಿಲ್ಲ. ಜೊತೆಗೆ ಸಮುದ್ರದ ದಂಡೆಯ ಹೋಟೆಲ್ಲು. ಜೊತೆಗೆ ಹೋಗುವಾಗ ಬರುವಾಗ ಗಂಡನ ಪಕ್ಕದ ಸೀಟು. ಅದೂ ಮಾತಿಗೆ ಸಿಗ್ನಲ್ ಕಾಯಬೇಕಿಲ್ಲದಷ್ಟು ಉದ್ದದ ದಾರಿ.

“ನಾ ಬರ್ತೀನ್ರಿ ಅಕ್ಕಾವ್ರ. ಊರಿಗೆ ಆಮ್ಯಾಲೆ ಹೋದ್ರಾತು,” ಅಂದೆ.

“ಬ್ಯಾಡ, ಹೆಸರಿಡೋ ಕಾರ್ಯ, ಹೋಗು,” ಅಂದರು ಅವರು.

“ಹೆಸರು ಫೋನಿನ್ಯಾಗೂ ಇಡಾಕ ಬರ್ತೈತ್ರಿ,” ಅಂದೆ ನಾನು.

ಆಮೇಲೆ ಈರಪ್ಪನಿಗೆ ಫೋನು ಹಚ್ಚಿ, “ತಮ್ಮಾ, ರಜಾ ಕೊಡವಲ್ರೋ,” ಎಂದು ಅತ್ತೆ. ಅಳು ನಿಜವಾಗಿಯೂ ಬಂತು. ಅಷ್ಟು ಚಂದದ ಅಳು ನಿಜವಾದ ಕಷ್ಟಗಳಿಗೆ ನನಗೆ ಎಂದೂ ಬಂದಿಲ್ಲ.

ಬಬಲೇಶ್ವರದಲ್ಲಿ ಮುಹೂರ್ತ ಹನ್ನೊಂದೂವರೆಗೆ. ಎರಡೂ ಊರುಗಳ ನಡುವೆ ಒಂದೂವರೆ ತಾಸಿನ ಫರಕು ಇದೆಯೆಂದು ನನಗೆ ಗೊತ್ತು. ಕೂಡಿಸಿದೆ, ಒಂದು ಗಂಟೆ ಬಂತು. ಅಷ್ಟು ಹೊತ್ತಿಗೆ ಹೋಟೆಲ್ಲು ಮುಟ್ಟಿ, ಕೈಕಾಲು ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡು, ಸಮುದ್ರಕ್ಕೆ ಮುಖ ಮಾಡಿ ಕೂತು ಶಾಂತವಾಗಿ ಹೆಸರಿಡಬೇಕು ಎಂದು ಯೋಜನೆ ಹಾಕಿದೆ. ಕೂಡಿಸುವುದಲ್ಲ, ಕಳೆಯಬೇಕಿತ್ತು. ಐದನೆಯ ಇಯತ್ತೆಯಲ್ಲಿ ಎರಡನ್ನೂ ಕಲಿಸಿದ್ದರು, ಯಾವುದನ್ನು ಯಾವಾಗ ಮಾಡಬೇಕೆಂಬುದು ಬಹುಶಃ ಆರನೆಯದರಲ್ಲಿತ್ತು.

ಸಾಹುಕಾರ ದಂಪತಿ ಗೆಳೆಯರ ಕಾರಿನಲ್ಲಿ ಮುಂದೆ ಹೋದರು. ಹಿಂದಿನಿಂದ ನಾನು, ನಮ್ಮವರು, ಜೋಳದ ಹಿಟ್ಟು, ಹಂಚು, ಕೊಣಮಿಗೆ, ಬುಟ್ಟಿಯಲ್ಲಿ ಕಿಯಾನ್. ಬುಟ್ಟಿಯ ಚಿಲಕ ಸಡಿಲಾಗಿತ್ತು, ದಾರಿಯುದ್ದಕ್ಕೂ ಕೈಯಿಂದ ಒತ್ತಿ ಹಿಡಿದಿದ್ದೆ. ಅರ್ಧ ದಾರಿಯಲ್ಲಿ ಒಂದು ಪೆಟ್ರೋಲ್ ಬಂಕಿನಲ್ಲಿ ಚಹಾಕ್ಕೆಂದು ನಿಲ್ಲಿಸಿದಾಗ ಸರಿಯಾಗಿ ಹತ್ತು ಗಂಟೆ. ಫೋನು ಬಡಿದುಕೊಂಡಿತು. ಪರದೆಯ ತುಂಬ ಬಬಲೇಶ್ವರ! ಹೂವು ಕಟ್ಟಿದ ತೊಟ್ಟಿಲು, ಹತ್ತಿಪ್ಪತ್ತು ಹೆಣ್ಣುಮಕ್ಕಳು, ಬೋಗುಣಿಯಲ್ಲಿ ಗುಗ್ಗರಿ. ಸವಿತಾಳ ತಾಯಿ ಫೋನಿಗೆ ಮುಖ ತಂದು, “ಕಸ್ತೂರೆವ್ವಾ, ಹೊತ್ತಾತು, ಸುರು ಮಾಡವಾ,” ಅಂದರು.

ನಮ್ಮ ಕಡೆಯ ಪದ್ಧತಿ ಗೊತ್ತಿಲ್ಲದವರಿಗೆ ಹೇಳಬೇಕು. ಸೋದರತ್ತೆ ತೊಟ್ಟಿಲಿನ ಮೇಲೆ ಬಾಗಿ ಕೂಸಿನ ಕಿವಿಯಲ್ಲಿ ಮೂರು ಸಲ ‘ಕುರ್ರ್’ ಅಂದು ಹೆಸರು ಹೇಳಬೇಕು. ಅವಳು ಕುರ್ರ್ ಅಂದಾಗಲೆಲ್ಲ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಏಕೆ ಗುದ್ದಬೇಕು ಎಂದು ಯಾರಿಗೂ ಗೊತ್ತಿಲ್ಲ, ಆದರೆ ಈ ಭಾಗವನ್ನು ಯಾರೂ ಮರೆಯುವುದಿಲ್ಲ. ಈಗ ಬೆನ್ನು ಪರದೇಶದಲ್ಲಿದೆ, ಮುಷ್ಟಿಗಳು ಬಬಲೇಶ್ವರದಲ್ಲಿವೆ. ಅಲ್ಲಿ ಚರ್ಚೆ ಶುರುವಾಯಿತು.

“ಫೋನಿಗೆ ಗುದ್ದೂಣೇನು?” ಎಂದಳು ಒಬ್ಬಳು.

“ಫೋನ ಒಡದ್ರ ನೀ ಕೊಡ್ಸಾಕಿ?” ಎಂದಳು ಇನ್ನೊಬ್ಬಳು.

“ಅಕಿ ಗಂಡ ಬಾಜೂಕ ಅದಾನಲ್ಲ, ಅಂವಗ ಹೇಳ್ರಿ,” ಎಂದು ಸವಿತಾಳ ತಾಯಿ ತೀರ್ಪು ಕೊಟ್ಟರು.

ನಮ್ಮವರು ಚಹಾದ ಲೋಟವನ್ನು ಅಲ್ಲೇ ಇಟ್ಟು ಬಂದರು. ಕರೆದ ಕೆಲಸಕ್ಕೆ ಅಷ್ಟು ಲಗೂನ ಅವರು ಬಂದದ್ದನ್ನು ನಾನು ಕಂಡಿಲ್ಲ.

“ಪದ್ಧತಿ ಅಂದ್ರ ಪದ್ಧತಿ. ಬಿಡಾಕ ಬರಂಗಿಲ್ಲ,” ಅಂದರು.

“ಹಗೂರಕ ಹೊಡೀರಿ ಮತ್ತ.”

“ನೀ ಹೆಸರಿನ ಕಡೆ ಲಕ್ಷ್ಯ ಕೊಡು. ಬೆನ್ನಿನ ಜವಾಬ್ದಾರಿ ನಂದು.”

ನಾನು ಕಾರಿನ ಬಾಗಿಲು ತೆರೆದು, ಕಾಲು ಹೊರಗೆ ಇಳಿಬಿಟ್ಟು, ಅಡ್ಡ ಕೂತೆ. ಬುಟ್ಟಿಯನ್ನು ಅವರ ಬಗಲಿಗೆ ಕೊಟ್ಟು, ಚಿಲಕ ಸಡಿಲು, ಒತ್ತಿ ಹಿಡಿಯಿರಿ ಎಂದೆ. ಅಲ್ಲಿ ಸವಿತಾಳ ತಾಯಿ ಫೋನನ್ನು ಕೂಸಿನ ಕಿವಿಗೆ ಹಿಡಿದರು. ನನಗೆ ಅಷ್ಟಗಲ ಕಿವಿಯೊಂದೇ ಕಾಣುತ್ತಿತ್ತು, ಥೇಟ್ ಅಪ್ಪನ ಕಿವಿ.

“ಕುರ್ರ್,” ಅಂದೆ. ಬೆನ್ನ ಮೇಲೆ ಒಂದು ಗುದ್ದು ಬಿತ್ತು.

“ಕುರ್ರ್,” ಅಂದೆ. ಎರಡನೆಯದು ಬಿತ್ತು. ಅದರಲ್ಲಿ ಹನ್ನೆರಡು ವರ್ಷದ ಸಂಸಾರದ ಸುಮಾರು ಏಳು ವರ್ಷ ಇತ್ತು.

“ಕುರ್ರ್,” ಅಂದೆ. ಉಳಿದ ಐದು ವರ್ಷವನ್ನೂ ಒಂದೇ ಸಲಕ್ಕೆ ತೀರಿಸುವ ಉಮೇದಿಯಲ್ಲಿ ಅವರು ಎರಡೂ ಕೈ ಎತ್ತಿದರು. ಬುಟ್ಟಿ ನೆಲಕ್ಕೆ ಬಿತ್ತು. ಚಿಲಕ ಬಿಚ್ಚಿತು. ‘ತಿಪ್ಪಣ್ಣ’ ಎನ್ನುವುದಕ್ಕೆಂದು ನಾನು ಬಾಯಿ ತೆರೆದಿದ್ದೆ. ಬಿಳಿಯದೊಂದು ನನ್ನ ಕಾಲಿನ ಮೇಲೆ ಹಾದು ಲಾರಿಗಳ ಕಡೆಗೆ ಓಡಿತು.

“ಕಿಯಾನ್!”

ಇಷ್ಟು ಗಟ್ಟಿಯಾಗಿ ಬಬಲೇಶ್ವರದಲ್ಲಿ ಯಾವ ಕೂಸಿಗೂ ಯಾರೂ ಹೆಸರಿಟ್ಟಿರಲಿಕ್ಕಿಲ್ಲ. ಒಂದು ಸಲ ಕೂಗಿ ಸುಮ್ಮನಾಗಿದ್ದರೆ ಬಾಯಿ ತಪ್ಪಿತು ಎನ್ನಬಹುದಿತ್ತು. ನಾನು ಮೂರು ಸಲ ಕೂಗಿದೆ. “ಕಿಯಾನ್! ಕಿಯಾನ್! ಬಾರೋ ನನ್ನ ಬಂಗಾರಾ, ಬಾರೋ ನನ್ನ ಅರಸಾ,” ಎಂದು ಫೋನನ್ನು ಸೀಟಿನ ಮೇಲೆ ಒಗೆದು ಓಡಿದೆ.

ನಮ್ಮವರು ಒಂದು ಲಾರಿಯ ಕೆಳಗೆ, ನಾನು ಇನ್ನೊಂದರ ಕೆಳಗೆ. ಒಬ್ಬ ಪಠಾಣ ಡ್ರೈವರ, ಏನು ಕಳೆದಿದೆ ಎಂದು ಕೇಳದೆಯೇ, ತಾನೂ ಹೊಟ್ಟೆ ಹಚ್ಚಿ ಮಲಗಿ ಹುಡುಕತೊಡಗಿದ. ಅರ್ಧ ತಾಸಿನ ಮೇಲೆ ಕಿಯಾನ್ ಸಿಕ್ಕಿದ್ದು ಬಂಕಿನ ಅಂಗಡಿಯ ಒಳಗೆ, ತಂಪು ಗಾಳಿ ಬೀಸುವ ಯಂತ್ರದ ಮುಂದೆ. ದುಬೈಯಲ್ಲಿ ಹುಟ್ಟಿ ಬೆಳೆದ ಜೀವ, ಬಿಸಿಲಿನಲ್ಲಿ ಏಕೆ ಅಡಗುತ್ತದೆ?

ಬೆಕ್ಕನ್ನು ಎದೆಗವಚಿಕೊಂಡು ಬಂದು ಫೋನು ನೋಡಿದರೆ ಕರೆ ಇನ್ನೂ ನಡೆದಿತ್ತು. ಬಬಲೇಶ್ವರದ ಹೆಣ್ಣುಮಕ್ಕಳು ತೊಟ್ಟಿಲು ತೂಗುತ್ತ, “ಬಾರೋ ನಮ್ಮ ಬಂಗಾರಾ, ಬಾರೋ ನಮ್ಮ ಅರಸಾ, ಜೋ ಜೋ ಕಿಯಾನಾ,” ಎಂದು ಹಾಡುತ್ತಿದ್ದರು. ನಾನು ಕೂಗಿದ್ದನ್ನು ಜೋಗುಳವೆಂದು ತಿಳಿದು ಮುಂದುವರಿಸಿದ್ದರು. ರಾಗ ಚೆನ್ನಾಗಿಯೇ ಕೂತಿತ್ತು.

ಸವಿತಾ ಫೋನು ಕಸಿದುಕೊಂಡಳು. ಮುಖ ದೀಪದ ಹಾಗೆ ಬೆಳಗುತ್ತಿತ್ತು. “ಅಕ್ಕಾರ, ಏನ್ ಛಂದ ಹೆಸರ ಇಟ್ರಿ! ನನ್ನ ಮನಸಿನ್ಯಾಗಿನ ಮಾತ ನಿಮಗ ಹೆಂಗ ತಿಳೀತ್ರಿ?”

ಅವಳ ಹಿಂದೆ, ಪರದೆಯ ಅಂಚಿನಲ್ಲಿ, ಈರಪ್ಪನ ಒಂದು ಭುಜ ಕಾಣುತ್ತಿತ್ತು. ನೋಡುತ್ತಿದ್ದಂತೆಯೇ ಆ ಭುಜ ಹೊರಗೆ ಹೋಯಿತು.

“ಖರೇ ಹೇಳಿಬಿಡು,” ಎಂದು ನಮ್ಮವರು ಪಿಸುಗುಟ್ಟಿದರು.

“ಏನಂತ ಹೇಳ್ಲಿ? ನಿನ್ನ ಮಗಗ ಬೆಕ್ಕಿನ ಹೆಸರ ಇಟ್ಟೇನಿ ಅಂತ ಹೇಳ್ಲೇನು?”

“ಮತ್ತ ಏನಂತೀ?”

“ತಡೀರಿ, ವಿಚಾರ ಮಾಡಾಕತ್ತೇನಿ.”

ನಾನು ವಿಚಾರ ಮಾಡಿದ ಕೆಲಸಗಳೇ ಹೆಚ್ಚು ಕೆಡುತ್ತವೆ. ಸಂಜೆ ಈರಪ್ಪ ಫೋನು ಮಾಡಿದ. “ಯಕ್ಕಾ, ಅಪ್ಪನ ಹೆಸರ ಇಡೂಣು ಅಂತ ನೀನ ಹಟಾ ಹಿಡದಿದ್ದಿ,” ಅಂದ.

“ಹೌದೋ ತಮ್ಮಾ. ಆದ್ರ ಹೆತ್ತಾಕಿ ಮನಸ ನೋಯಿಸಿ ಇಟ್ಟ ಹೆಸರು ಕೂಸಿಗೆ ಚಲೋ ಅಲ್ಲ. ರಾತ್ರೆಲ್ಲಾ ನಿದ್ದಿ ಬರ್ಲಿಲ್ಲ. ಕಡೀಕ ಆಕಿ ಸಲವಾಗಿ ನಾನ ಸೋತೆ,” ಅಂದೆ.

“ಹೂಂ,” ಅಂದ ಈರಪ್ಪ.

ನೋಡಿ, ಅಪ್ಪನ ಹೆಸರು ಕಳೆದವಳು ನಾನು, ತ್ಯಾಗ ಮಾಡಿದ ಪುಣ್ಯವೂ ನನಗೇ. ಸವಿತಾಳಿಗೆ ನಾನು ದೇವರಾದೆ. ತಿಂಗಳಿಗೆ ಒಂದು ಸಲ ಫೋನು ಹಚ್ಚುತ್ತಿದ್ದವಳು ದಿನಾ ಹಚ್ಚತೊಡಗಿದಳು. ಕೂಸಿನ ಮುಂದೆ ಫೋನು ಹಿಡಿದು, “ನೋಡಲ್ಲಿ, ನಿನ್ನ ಹೆಸರ ಇಟ್ಟ ಅತ್ತಿ,” ಎನ್ನುವಳು. ಕೂಸು ನಗುವುದು. ಇಸ್ತ್ರಿ ಮೇಜಿನ ಮುಂದೆ ಕೂತು ನಾನೂ ನಗುವೆ.

ಒಂದು ದಿನ, ಇದು ಯಾರ ಹೆಸರು ಎಂದು ಕೇಳಿದಳು. ನಾನು ಆಣೆ ಮಾಡಿ ಹೇಳುತ್ತೇನೆ, ಸುಳ್ಳು ಹೇಳಲಿಲ್ಲ. “ಇಲ್ಲಿ ಒಬ್ಬರು ಭಾಳ ದೊಡ್ಡ ಮನೆತನದಾಗ ಅದಾರ,” ಅಂದೆ. “ಅವರು ಎದ್ದ ಮ್ಯಾಲೆ ಮನ್ಯಾಗ ಉಳದವರ ಮಾತು ಕತಿ. ಕ್ಷೌರಕ್ಕ ಮನೀಗೇ ಬರ್ತಾರ. ಹುಟ್ಟಿ ಒಂದು ಹುಲ್ಲಕಡ್ಡಿ ಎತ್ತಿಟ್ಟಿಲ್ಲ. ಕೈತುತ್ತ ತಿನ್ನಿಸ್ಬೇಕು.”

“ನನ್ನ ಮಗಂದೂ ಅಂಥಾ ನಸೀಬ ಆಗ್ಲಿ,” ಎಂದು ಸವಿತಾ ಕೈ ಮುಗಿದಳು.

ಅಷ್ಟಕ್ಕೇ ಬಿಡಲಿಲ್ಲ. ತೋಟದಲ್ಲಿರುವ ನಮ್ಮ ಮನೆಯ ಎದುರಿಗೆ ದ್ರಾಕ್ಷಿ ಒಣಗಿಸುವ ಶೆಡ್ಡಿನ ಬಾಗಿಲಿಗೆ, ಅಪ್ಪನ ಕಾಲದಿಂದ ಏನೂ ಬರೆಯದೇ ಬಿಟ್ಟಿದ್ದ ಬಾಗಿಲಿಗೆ, ಕೆಂಪು ಬಣ್ಣದಲ್ಲಿ ‘ಕಿಯಾನ್’ ಎಂದು ಬರೆಸಿ ಫೋಟೋ ಕಳಿಸಿದಳು. ನಮ್ಮವ್ವನಿಗೆ ಮಾತ್ರ ಆ ಹೆಸರು ಬಾಯಲ್ಲಿ ಹೊರಳಲಿಲ್ಲ. “ಕ್ಯಾನ” ಎಂದೇ ಕರೆಯುತ್ತಿದ್ದಳು. ಹಾಲಿನ ಕ್ಯಾನು ತಾ ಎಂದರೆ ಕೂಸನ್ನು ತರುತ್ತಾರೆ ಎಂದು ಈರಪ್ಪ ಅಂದನಂತೆ. ಆ ವರ್ಷ ಅವನಾಡಿದ ನಗೆಮಾತು ಅದೊಂದೇ.

ಏಳು ತಿಂಗಳ ಮೇಲೆ ನನಗೂ ನಮ್ಮವರಿಗೂ ರಜೆ ಸಿಕ್ಕಿತು. ಸಾಹುಕಾರರೂ ಅಕ್ಕಾವ್ರೂ ವಿಜಯಪುರಕ್ಕೆ ಬರುವ ಹೊತ್ತು ಅದು. ನಾನು ತಿಕೋಟಾಕ್ಕೆ ಬಂದು ಚಪ್ಪಲಿ ಬಿಡುವ ಮೊದಲೇ ಕೂಸನ್ನು ಎತ್ತಿಕೊಂಡೆ. ಅದು ನನ್ನ ಮುಖ ನೋಡಿ ಚಿಟ್ಟನೆ ಚೀರಿತು.

“ಹಲ್ಲ ಬರಾಕತ್ತಾವ್ರಿ ಅಕ್ಕಾರ,” ಎಂದಳು ಸವಿತಾ.

“ಪ್ರಯಾಣದ ವಾಸನಿ ಇರಬೇಕು,” ಎಂದಳು ಅವ್ವ. ಸ್ನಾನ ಮಾಡಿ ಬಂದು ಎತ್ತಿಕೊಂಡೆ, ಆಗಲೂ ಚೀರಿತು. ಮರುದಿನವೂ ಹಲ್ಲು ಬರುತ್ತಲೇ ಇದ್ದವು.

ಆ ಮರುದಿನವೇ ಅಕ್ಕಾವ್ರ ಫೋನು ಬಂತು. “ಕಸ್ತೂರಿ, ನಿಮ್ಮ ತೋಟ ನೋಡಾಕ ಬರಾಕತ್ತೇವಿ. ಕೂಸಿನ್ನೂ ನೋಡಿದಂಗ ಆಕ್ಕೈತಿ.”

ನಮ್ಮವರು, “ಈಗರ ಖರೇ ಹೇಳು,” ಅಂದರು. ನಾನು ವಿಚಾರ ಮಾಡಿದೆ. ಮನೆಯವರಿಗೆಲ್ಲ, “ದೊಡ್ಡವರ ದೃಷ್ಟಿ ದೊಡ್ಡದು, ಅವರ ಮುಂದ ಕೂಸಿನ ಹೆಸರ ತಗೀಬ್ಯಾಡ್ರಿ, ಗುಂಡ್ಯಾ ಅನ್ರಿ,” ಎಂದು ಹೇಳಿಕೊಟ್ಟೆ. ಶೆಡ್ಡಿನ ಬಾಗಿಲಿನ ಮೇಲೆ ನನ್ನ ಹಸಿ ಸೀರೆಯನ್ನು ಒಣಹಾಕಿದೆ. ಕೆಂಪು ಅಕ್ಷರ ಮುಚ್ಚಿತು. ನನ್ನ ಬುದ್ಧಿಗೆ ನಾನೇ ಮೆಚ್ಚಿದೆ.

ಕಾರು ಬಂತು. ಸಾಹುಕಾರರೂ ಅಕ್ಕಾವ್ರೂ ಇಳಿಯುತ್ತಿದ್ದಂತೆ ಸವಿತಾ, “ಅಯ್ಯ, ಸಾಹುಕಾರ್ತಿ ಬಂದ ಹೊತ್ತಿನ್ಯಾಗ ಬಾಗಲಕ್ಕ ಹಸಿ ಸೀರಿ ಯಾರ ಹಾಕ್ಯಾರವಾ?” ಎಂದು ಓಡಿ ಹೋಗಿ ಎಳೆದು ಹಾಕಿದಳು.

ಅಕ್ಕಾವ್ರು ಬಾಗಿಲು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. “ಕಸ್ತೂರಿ, ನಮ್ಮ ಬೆಕ್ಕಿನ ಹೆಸರ ಇಲ್ಲ್ಯಾಕ ಬರದೀರಿ?”

ಗುಂಡ್ಯಾ ಎನ್ನಬೇಕೆಂಬುದು ಎಲ್ಲರಿಗೂ ನೆನಪಿತ್ತು, ಯಾವಾಗ ಎನ್ನಬೇಕೆಂದು ತಿಳಿಯಲಿಲ್ಲ. ಅವ್ವನ ಕಡೆ ನೋಡಿದೆ. ಅವ್ವ ಕೂಸನ್ನು ಮುಂದೆ ಹಿಡಿದು, “ನಮ್ಮ ಕ್ಯಾನ ಇಂವನ್ರಿ,” ಅಂದುಬಿಟ್ಟಳು.

ಆಮೇಲೆ ನಾನು ಎಲ್ಲವನ್ನೂ ಹೇಳಿದೆ. ಬಂಕು, ಬುಟ್ಟಿ, ಮೂರನೆಯ ಗುದ್ದು, ಲಾರಿ, ಪಠಾಣ. ಸವಿತಾ ಬೆಳ್ಳಗಾದಳು. “ಏಳು ತಿಂಗಳಾತು, ಬೆಕ್ಕಿನ ಹೆಸರಿಗೆ ಜೋಗುಳ ಹಾಡಾಕತ್ತೇನೇನ್ರಿ ನಾ?” ಎಂದು ಮುಖಕ್ಕೆ ಸೆರಗು ಹಿಡಿದಳು.

ಅವಳನ್ನು ಸಂತೈಸಿದವಳು ಅವ್ವ. “ಅಳಬ್ಯಾಡ ಹುಚ್ಚಿ. ನಿಮ್ಮ ಮಾವನ್ನ ತಿಪ್ಪಿ ಮ್ಯಾಲಿಂದ ಎತ್ಕೊಂಡ ಬಂದು ಹೆಸರ ಇಟ್ಟಿದ್ರು, ಎಂಬತ್ತು ವರ್ಷ ಗಟ್ಟಿ ಬಾಳಿದ. ಬೆಕ್ಕ ತಿಪ್ಪಿಗಿಂತ ಮ್ಯಾಲಲ್ಲೇನು? ಬೆಕ್ಕಿಗೆ ಏಳು ಮನಿ ಅನ್ನ ಇರ್ತೈತಿ.”

ಮೊದಲು ನಕ್ಕವರು ಸಾಹುಕಾರರು. ಆಮೇಲೆ ನಮ್ಮವರು, ಆಮೇಲೆ ಸೆರಗಿನ ಒಳಗಿನಿಂದ ಸವಿತಾ. ಈರಪ್ಪನ ಮೀಸೆಯ ಕೆಳಗೂ ಒಂದು ನಗೆ ಬಂದು ನಿಂತಿತು. ಏಳು ತಿಂಗಳ ಭಾರ ಇಳಿಯಿತು ಎಂದು ನಾನು ಉಸಿರು ಬಿಟ್ಟೆ. ಚಹಾ ಸೋಸಿದೆ. ಅಷ್ಟು ಹಗುರಾಗಿ ನಾನು ಎಂದೂ ಚಹಾ ಸೋಸಿರಲಿಲ್ಲ.

ಸವಿತಾ ಅಕ್ಕಾವ್ರಿಗೆ ಲೋಟ ಕೊಡುತ್ತ, ನಗುನಗುತ್ತಲೇ ಒಂದು ಚುಚ್ಚು ಮಾತು ಆಡಿದಳು. “ನೀವು ಆವಾಗ ರಜಾ ಕೊಟ್ಟಿದ್ರ ಇಷ್ಟೆಲ್ಲಾ ಆಗ್ತಿದ್ದಿಲ್ರಿ. ನಮ್ಮ ಅಕ್ಕಾರು ಫೋನಿನ್ಯಾಗ ಎಷ್ಟ ಅತ್ರು ಗೊತ್ತೇನ್ರಿ.”

“ನಾ ಕೊಟ್ಟಿದ್ನಲ್ಲವಾ,” ಎಂದರು ಅಕ್ಕಾವ್ರು. “ಟಿಕೀಟೂ ತಗಿಸಿದ್ದೆ. ಹೋಗು ಹೋಗು ಅಂದೆ. ಹೆಸರು ಫೋನಿನ್ಯಾಗ ಇಡ್ತೇನಿ ಅಂತ ಇಕಿನ ನಮ್ಮ ಜೋಡಿ ಬಂದ್ಳು. ಹೌದಲ್ಲೇನು ಕಸ್ತೂರಿ?”

ಈರಪ್ಪನ ಮೀಸೆಯ ಕೆಳಗಿನ ನಗೆ ಹೋಯಿತು. ಅವನು ನನ್ನನ್ನು ನೋಡಲಿಲ್ಲ. “ಚಾ ಆರಾಕತ್ತೈತ್ರಿ, ತಗೋರಿ,” ಎಂದು ಅತಿಥಿಗಳಿಗೆ ಹೇಳಿದ. ತೋಟ ತೋರಿಸಿದ. ಕಾರಿನಲ್ಲಿ ಒಣದ್ರಾಕ್ಷಿಯ ಎರಡು ಬಾಕ್ಸು ಇಟ್ಟು ಕಳಿಸಿಕೊಟ್ಟ. ಕಾರಿನ ಧೂಳು ಕೂತ ಮೇಲೆ ನನ್ನ ಕಡೆ ತಿರುಗಿದ.

“ಬೆಕ್ಕಿನ ಹೆಸರ ಇರ್ಲಿ ಬಿಡು ಯಕ್ಕಾ. ಅಪ್ಪನ ಹೆಸರ ಹೋತು, ಅದೂ ಹೋಗ್ಲಿ,” ಅಂದ. “ಬರಬಹುದಿತ್ತಲ್ಲ ನೀ.”

ನಾನು ಬಾಯಿ ತೆರೆದೆ. ಮಾಸ್ತರರು ನಪಾಸು ಮಾಡದ ಬಾಯಿ. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಬೈಯಲೇ ಇಲ್ಲ. ಏನಾದರೂ ಮಾಡಬೇಕಲ್ಲ ಎಂದು ಅವ್ವನ ತೊಡೆಯಿಂದ ಕೂಸನ್ನು ಎತ್ತಿಕೊಂಡೆ. ಅದು ಬೆನ್ನು ಸೆಟೆಸಿ, ತಿಕೋಟಾ ಬಸ್‌ಸ್ಟ್ಯಾಂಡಿಗೆ ಕೇಳುವ ಹಾಗೆ ಚೀರಿತು.

“ಹಲ್ಲ ಬರಾಕತ್ತಾವು,” ಎಂದೆ. ಈಗ ಈ ಮಾತು ಹೇಳುವವಳು ನಾನೊಬ್ಬಳೇ ಉಳಿದಿದ್ದೆ.

“ಹಲ್ಲಲ್ಲ,” ಎಂದ ಈರಪ್ಪ. ಕೂಸನ್ನು ನನ್ನ ಕೈಯಿಂದ ತೆಗೆದುಕೊಂಡ. “ನೀ ಯಾರಂತ ಗೊತ್ತಿಲ್ಲ ಅಂವಗ. ಹೊರಗ ಹೋಗಿ ಫೋನ್ ಹಚ್ಚು.”

ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆ. ಅವನು ಸವಿತಾಳ ಫೋನು ಕೈಗೆ ತೆಗೆದುಕೊಂಡು ಕಾಯುತ್ತ ನಿಂತಿದ್ದ. ನಾನು ಅಂಗಳ ದಾಟಿ ಶೆಡ್ಡಿನ ಒಳಗೆ ಹೋದೆ. ಹಗ್ಗದ ಜಾಲರಿಗಳ ಮೇಲೆ ದ್ರಾಕ್ಷಿ ಒಣಗುತ್ತಿತ್ತು. ಫೋನು ಹಚ್ಚಿದೆ. ಪರದೆಯಲ್ಲಿ ಕೂಸಿನ ಮುಖ ಬಂತು, ಕಣ್ಣಲ್ಲಿ ಇನ್ನೂ ನೀರು. ನನ್ನನ್ನು ನೋಡಿತು. ಅಳು ನಿಂತಿತು. ಬೊಚ್ಚುಬಾಯಿ ಅಷ್ಟಗಲ ತೆರೆದು, ಫೋನಿನ ಕಡೆಗೆ ಎರಡೂ ಕೈ ಚಾಚಿ, ಗೊಳ್ಳನೆ ನಕ್ಕಿತು.

ನನಗೆ ತಡೆಯಲಾಗಲಿಲ್ಲ. ಫೋನು ಹಿಡಿದುಕೊಂಡೇ ಮನೆಯ ಕಡೆಗೆ ಓಡತೊಡಗಿದೆ. ಪರದೆಯ ಒಳಗಿನಿಂದ ಈರಪ್ಪನ ದನಿ ಬಂತು.

“ಒಳಗ ಬರಬ್ಯಾಡ ಯಕ್ಕಾ. ಈಗರ ನಗಾಕತ್ತಾನ.”

ಅಂಗಳದ ನಡುವಿನಿಂದ ತಿರುಗಿ ಹೋದೆ. ದುಬೈಯಿಂದ ವಿಮಾನ ಹತ್ತಿ ಬಂದ ಸೋದರತ್ತೆ, ರಜೆಯ ಮೊದಲ ವಾರವನ್ನೆಲ್ಲ ಮನೆಯಿಂದ ಮೂವತ್ತು ಹೆಜ್ಜೆ ದೂರದ ಶೆಡ್ಡಿನಲ್ಲಿ ನಿಂತು ಫೋನಿನಲ್ಲೇ ಕಳೆದಳು. ಒಂದು ಮಾತು ಒಪ್ಪಬೇಕು, ಚಿತ್ರ ಮಾತ್ರ ದುಬೈಗಿಂತ ಸ್ವಚ್ಛವಾಗಿ ಬರುತ್ತಿತ್ತು.